ಆಳದ ಜೇಡಿಮಣ್ಣನ್ನು ಅವಸರದಲ್ಲಿ ಅಳೆಯಲಾಗದು

ಜಪಾನಿನ ಒಸಾಕಾ ಕೊಲ್ಲಿಯಲ್ಲಿ, ದಡದಿಂದ ಸುಮಾರು 5 ಕಿಲೋಮೀಟರ್ ಆಚೆ, ಕಡಲಿಗೆ ಕಲ್ಲುಮಣ್ಣು ಸುರಿದು ಕಟ್ಟಿದ ದ್ವೀಪಗಳ ಮೇಲೆ ಕನ್ಸಾಯ್ ವಿಮಾನ ನಿಲ್ದಾಣವಿದೆ. 1994ರಲ್ಲಿ ಬಳಕೆಗೆ ತೆರೆದ ಮೊದಲ ದ್ವೀಪ, ನಿರ್ಮಾಣ ಶುರುವಾದಂದಿನಿಂದ ಸರಾಸರಿ 13 ಮೀಟರಿಗೂ ಹೆಚ್ಚು ತಗ್ಗಿದೆ. 2007ರಲ್ಲಿ ಸೇರಿಕೊಂಡ ಎರಡನೆಯ ದ್ವೀಪದ ಇಳಿತ 17 ಮೀಟರನ್ನು ದಾಟಿದೆ. ದ್ವೀಪ ಇಳಿಯುತ್ತದೆಂಬುದು ಎಂಜಿನಿಯರುಗಳಿಗೆ ಮೊದಲೇ ತಿಳಿದಿತ್ತು. ಆದರೆ ಮೊದಲ ದ್ವೀಪದ ಇಳಿತ ಅವರ ಅಂದಾಜನ್ನು ಮೀರಿತು. ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೂ ಹೀಗಾದ ಮೇಲೆ ಆ ಪರೀಕ್ಷೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಆ ಇಳಿತ ಹೇಳುವುದು ಬೇರೆಯದೇ ಮಾತು: ಮಣ್ಣು ಆಳವಾದಷ್ಟೂ ಪರೀಕ್ಷೆಗೆ ಹೆಚ್ಚು ಕಾಲ, ಹೆಚ್ಚು ಎಚ್ಚರ ಬೇಕು, ಅದರ ಉತ್ತರವನ್ನು ಓದುವ ವಿವೇಕವೂ ಬೇಕು.

ಜೇಡಿಮಣ್ಣಿನ ಕಣಗಳು ಅತಿ ಸೂಕ್ಷ್ಮ. ನಡುವಿನ ಸಂದುಗಳಲ್ಲಿ ನೀರು ತುಂಬಿರುತ್ತದೆ. ಮೇಲೆ ಭಾರ ಬಿದ್ದಾಗ ಮೊದಲು ಅದನ್ನು ಹೊರುವುದು ಈ ನೀರು. ನೀರು ನಿಧಾನವಾಗಿ ಹೊರಗೆ ಹರಿದಂತೆ ಭಾರ ಕಣಗಳಿಗೆ ದಾಟುತ್ತದೆ, ಮಣ್ಣು ಒತ್ತಿಕೊಳ್ಳುತ್ತದೆ, ನೆಲ ತಗ್ಗುತ್ತದೆ. ಇದನ್ನೇ ಕನ್ಸಾಲಿಡೇಶನ್ ಎನ್ನುತ್ತಾರೆ. ಎಂಜಿನಿಯರ್ ಕಾರ್ಲ್ ಟರ್ಜಾಗಿ 1920ರ ದಶಕದಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ಇದನ್ನು ಅಳೆಯುವ ಪ್ರಯೋಗಾಲಯದ ಪರೀಕ್ಷೆಯಲ್ಲಿ ಸುಮಾರು 60 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ದಪ್ಪದ ಮಣ್ಣಿನ ಬಿಲ್ಲೆಯನ್ನು ಲೋಹದ ಉಂಗುರದೊಳಗೆ ಕೂರಿಸಿ, ಮೇಲೆ ಕೆಳಗೆ ನೀರು ಹಾಯುವ ಕಲ್ಲಿನ ಬಿಲ್ಲೆಗಳನ್ನಿಟ್ಟು ಭಾರ ಹೇರುತ್ತಾರೆ. ಸಾಮಾನ್ಯವಾಗಿ 24 ಗಂಟೆಗೊಮ್ಮೆ ಭಾರವನ್ನು ಇಮ್ಮಡಿಸುತ್ತ, ಬಿಲ್ಲೆ ಎಷ್ಟು ತೆಳುವಾಯಿತೆಂದು ಡಯಲ್ ಗೇಜಿನಲ್ಲಿ ಓದುತ್ತಾರೆ. ಇಳಿತಕ್ಕೆ ತಗಲುವ ಕಾಲ, ನೀರು ಸಾಗಬೇಕಾದ ದಾರಿಯ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಎರಡೂ ಮುಖಗಳಿಂದ ನೀರು ಹರಿಯುವ ಬಿಲ್ಲೆಯಲ್ಲಿ ಆ ದಾರಿ 10 ಮಿಲಿಮೀಟರ್. 20 ಮೀಟರ್ ದಪ್ಪದ ಪದರದಲ್ಲಿ 10 ಮೀಟರ್. ದಾರಿ ಸಾವಿರ ಪಟ್ಟಾದರೆ ಕಾಲ ಹತ್ತು ಲಕ್ಷ ಪಟ್ಟು. ಬಿಲ್ಲೆಯಲ್ಲಿ ಒಂದು ಗಂಟೆಗೆ ಮುಗಿದದ್ದು ಆ ನೆಲದಲ್ಲಿ 114 ವರ್ಷ ಹಿಡಿಯುತ್ತದೆ.

ಈ ಲೆಕ್ಕ ಕನ್ಸಾಯ್‌ನಲ್ಲಿ ಫಲ ಕೊಟ್ಟಿತು. ಕಡಲತಳದ ಮೇಲಿನ ಸುಮಾರು 20 ಮೀಟರ್ ಮೆತ್ತನೆಯ ಜೇಡಿಯಲ್ಲಿ ಲಕ್ಷಗಟ್ಟಲೆ ಮರಳಿನ ಕಂಬಗಳನ್ನು ಇಳಿಸಿ ನೀರಿನ ದಾರಿಯನ್ನು ಮೊಟಕು ಮಾಡಿದರು. ಆ ಪದರದ ಇಳಿತ ಬೇಗನೆ ಮುಗಿಯಿತು. ತೊಂದರೆ ಕೊಟ್ಟದ್ದು ಅದರ ಕೆಳಗೆ ನೂರಾರು ಮೀಟರ್ ಆಳದವರೆಗಿನ ಹಳೆಯ ಜೇಡಿ ಪದರಗಳು. ಅಲ್ಲಿಗೆ ಮರಳಿನ ಕಂಬಗಳು ತಲುಪುವುದಿಲ್ಲ. ಜೇಡಿಯ ನಡುನಡುವಿನ ಮರಳಿನ ಪದರಗಳು ನೀರನ್ನು ಎಷ್ಟು ದೂರ ಸಾಗಿಸಬಲ್ಲವು ಎಂಬುದನ್ನು ಉಂಗುರದೊಳಗಿನ ಬಿಲ್ಲೆ ಹೇಳಲಾರದು. ಇನ್ನೊಂದು ತೊಡಕು ಮಾದರಿಯದು. ಜೇಡಿಮಣ್ಣು ಹಿಂದೆ ಹೊತ್ತ ಗರಿಷ್ಠ ಭಾರದ ಗುರುತನ್ನು ಉಳಿಸಿಕೊಂಡಿರುತ್ತದೆ. ಆ ಮಿತಿಯೊಳಗೆ ಕಡಿಮೆ ಇಳಿತ, ದಾಟಿದರೆ ಹೆಚ್ಚು. ಆ ಮಿತಿಯನ್ನು ಪರೀಕ್ಷೆಯ ವಕ್ರರೇಖೆಯಿಂದ ಗುರುತಿಸುವ ಬಗೆಯನ್ನು ಎಂಜಿನಿಯರ್ ಆರ್ಥರ್ ಕಾಸಾಗ್ರಾಂಡೆ 1936ರಲ್ಲಿ ತೋರಿಸಿದರು. ಆದರೆ ಆಳದಿಂದ ಮೇಲೆ ತಂದ ಮಣ್ಣು ಒತ್ತಡ ಕಳೆದುಕೊಂಡು ಉಬ್ಬುತ್ತದೆ. ಕೊರೆಯುವಾಗ, ಕೊಳವೆಯಿಂದ ತೆಗೆಯುವಾಗ ಅಲುಗುತ್ತದೆ. ಅಲುಗಿದ ಮಾದರಿಯ ವಕ್ರರೇಖೆಯಲ್ಲಿ ಮಿತಿಯ ತಿರುವು ಮಸುಕಾಗುತ್ತದೆ. ಸಾಲದ್ದಕ್ಕೆ, ನೀರಿನ ಹೆಚ್ಚುವರಿ ಒತ್ತಡ ಇಳಿದ ಮೇಲೂ ಜೇಡಿ ಮೆಲ್ಲಗೆ ಜಗ್ಗುತ್ತಲೇ ಇರುತ್ತದೆ. 24 ಗಂಟೆಯ ಓದಿನಲ್ಲಿ ಅದು ಪೂರ್ತಿ ಕಾಣದು.

ಇಷ್ಟು ಮಿತಿಗಳಿರುವಾಗ ಕಂಪ್ಯೂಟರ್ ಲೆಕ್ಕವೇ ಮೇಲಲ್ಲವೇ ಎಂಬ ಪ್ರಶ್ನೆ ಏಳಬಹುದು. ಆದರೆ ಆ ಲೆಕ್ಕಕ್ಕೆ ಬೇಕಾದ ಅಂಕಿಗಳು ಬರುವುದೂ ಬಹುಪಾಲು ಈ ಉಂಗುರದಿಂದಲೇ. ಅಂಕಿ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ಪೈಲ್, ಅಂದರೆ ನೆಲದಾಳಕ್ಕೆ ಹೋಗುವ ಆಧಾರ ಕಂಬ, ಇಳಿಸಿದರೆ ಸಾಕೆಂಬ ವಾದವೂ ಅರ್ಧ ಸತ್ಯ. ಕಟ್ಟಡವನ್ನು ಪೈಲ್ ಮೇಲೆ ನಿಲ್ಲಿಸಬಹುದು, ಇಡೀ ದ್ವೀಪವನ್ನಲ್ಲ. ಸುತ್ತಲಿನ ಜೇಡಿ ತಗ್ಗುವಾಗ ಪೈಲನ್ನೇ ಕೆಳಕ್ಕೆ ಎಳೆಯುತ್ತದೆ. ಹೆಚ್ಚು ಗಂಭೀರವಾದ ಆಕ್ಷೇಪ ಕಾಲ ಮತ್ತು ಖರ್ಚಿನದು. ಭಾರಗಳ ಒಂದು ಸರಣಿ ಮುಗಿಯಲು ಒಂದು ವಾರಕ್ಕೂ ಹೆಚ್ಚು ಬೇಕಾಗುತ್ತದೆ, ನಿಜ. ಈ ಹೊರೆಯನ್ನು ತಗ್ಗಿಸುವ ಕೆಲಸ ನಮ್ಮಲ್ಲೂ ನಡೆದಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಮತ್ತು ಸಹೋದ್ಯೋಗಿಗಳು ರೂಪಿಸಿದ ರೆಕ್ಟ್ಯಾಂಗ್ಯುಲರ್ ಹೈಪರ್ಬೋಲ ವಿಧಾನ, ಇಳಿತದ ಓದುಗಳನ್ನು ಸರಳರೇಖೆಯಾಗಿ ಜೋಡಿಸಿ ಇಳಿತದ ವೇಗವನ್ನು ಲೆಕ್ಕಹಾಕುವುದನ್ನು ಸುಲಭಗೊಳಿಸಿತು. ಓದುವ ವಿಧಾನ ಚುರುಕಾಗಲಿ. ಓದಬೇಕಾದ ಪರೀಕ್ಷೆಯನ್ನೇ ಬಿಟ್ಟುಬಿಡುವುದು ಉಳಿತಾಯವಲ್ಲ.

ಕನ್ಸಾಯ್‌ನಲ್ಲಿ ಟರ್ಮಿನಲ್ ಕಟ್ಟಡದ ಕಂಬಗಳನ್ನು ಜಾಕ್‌ನಿಂದ ಎತ್ತಿ, ಅಡಿಯಲ್ಲಿ ಉಕ್ಕಿನ ಹಲಗೆ ಸೇರಿಸಿ ಸಮ ಮಾಡುವ ಏರ್ಪಾಡನ್ನು ವಿನ್ಯಾಸದಲ್ಲೇ ಇಟ್ಟಿದ್ದರು. ಇಳಿತವನ್ನು ಇಂದಿಗೂ ಅಳೆಯುತ್ತಿದ್ದಾರೆ. ನೆಲ ಎಲ್ಲೆಡೆ ಸಮನಾಗಿ ಇಳಿಯದೆಂದು ಒಪ್ಪಿ ಕಟ್ಟಿದ್ದರಿಂದಲೇ ಅಂದಾಜು ಮೀರಿದರೂ ನಿಲ್ದಾಣ ನಡೆಯುತ್ತಿದೆ. ಜೇಡಿ ನೆಲದ ಮೇಲೆ ಸೇತುವೆ, ಬಂದರು, ರಸ್ತೆ ಕಟ್ಟಿಸುವ ಇಲಾಖೆಗಳೂ ಖಾಸಗಿಯವರೂ ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮಣ್ಣಿನ ವರದಿ ಕೈಗೆ ಬಂದಾಗ ಕೊನೆಯ ಅಂಕಿಯನ್ನಷ್ಟೇ ನೋಡಬೇಡಿ. ಮಾದರಿ ಎಷ್ಟು ಆಳದ್ದು, ಅಲುಗದೆ ಬಂದಿತ್ತೇ, ಪ್ರತಿ ಭಾರವನ್ನು ಎಷ್ಟು ಹೊತ್ತು ಇಟ್ಟಿದ್ದರು, ಕಟ್ಟಿದ ಮೇಲೆ ಇಳಿತವನ್ನು ಅಳೆಯುವವರು ಯಾರು ಎಂದು ಕೇಳಿ. ಉತ್ತರ ಸಿಗುವವರೆಗೆ ಪಾಯಕ್ಕೆ ಒಪ್ಪಿಗೆ ಕೊಡಬೇಡಿ.