ಬೇಡದ ತಂತ್ರಾಂಶ ತೆಗೆಯಲು ಇನ್ನೊಂದು ತಂತ್ರಾಂಶ ಬೇಡ

ಬ್ರೌಸರ್ ತೆರೆದರೆ ಗೂಗಲ್ ಇರಬೇಕಾದ ಜಾಗದಲ್ಲಿ ಹೆಸರೇ ಕೇಳಿರದ ಸರ್ಚ್ ಎಂಜಿನ್. ಪರದೆಯ ಬಲಮೂಲೆಯಲ್ಲಿ ಮತ್ತೆ ಮತ್ತೆ ಮೇಲೇಳುವ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ’ ಎಂಬ ಎಚ್ಚರಿಕೆ. ಹಾಕಿದ ನೆನಪೇ ಇಲ್ಲದ ‘ಡ್ರೈವರ್ ಅಪ್‌ಡೇಟರ್’ ಒಂದು ದುಡ್ಡು ಕಟ್ಟಿ ಎಂದು ಪೀಡಿಸುತ್ತಿರುತ್ತದೆ. ವಿಂಡೋಸ್ ಬಳಸುವ ಮನೆಗಳಿಗೆ ಈ ಕಾಟ ಹೊಸದಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಇದನ್ನೆಲ್ಲ ಒಂದೇ ಏಟಿಗೆ ತೊಳೆದುಹಾಕುವ ಉಚಿತ ‘ಕ್ಲೀನರ್’ ಹುಡುಕುವುದು. ಎಡವುವುದು ಅಲ್ಲೇ. ಬೇಡದ ತಂತ್ರಾಂಶಗಳಲ್ಲಿ ಬಹುಪಾಲು ಬೀಗ ಒಡೆದು ಒಳಗೆ ಬಂದವಲ್ಲ. ಎಲ್ಲೋ ಒಂದು ಗುಂಡಿ ಒತ್ತಿ ನಾವೇ ಒಪ್ಪಿಗೆ ಕೊಟ್ಟಿರುತ್ತೇವೆ, ಅಥವಾ ಕೊಡುವಂತೆ ನಮ್ಮನ್ನು ಏಮಾರಿಸಿರುತ್ತಾರೆ. ಹಾಗಾಗಿ ಅವನ್ನು ತೆಗೆಯುವ ಕೆಲಸವೆಂದರೆ ಕೊಟ್ಟ ಒಪ್ಪಿಗೆಗಳನ್ನು ಹುಡುಕಿ ಒಂದೊಂದಾಗಿ ಹಿಂದಕ್ಕೆ ಪಡೆಯುವುದು. ಕ್ಲೀನರ್ ಹಾಕಿಕೊಂಡವರು ಇದರ ತದ್ವಿರುದ್ಧ ಮಾಡುತ್ತಾರೆ: ಕಂಪ್ಯೂಟರಿನ ಮೂಲೆಮೂಲೆಗೂ ಕೈಹಾಕುವ ಅಧಿಕಾರವನ್ನು ಇನ್ನೊಬ್ಬ ಅಪರಿಚಿತನಿಗೆ ಕೊಡುತ್ತಾರೆ.

ಒಪ್ಪಿಗೆ ಕಸಿದುಕೊಳ್ಳುವ ಬಗೆಯನ್ನು ಹತ್ತಿರದಿಂದ ನೋಡಬೇಕು. ವಿಡಿಯೊ ನೋಡಲು ಉಚಿತ ಪ್ಲೇಯರ್ ಬೇಕೆಂದು ಹುಡುಕಿದಾಗ, ಅದನ್ನು ತಯಾರಿಸಿದವರ ತಾಣಕ್ಕಿಂತ ಮೇಲೆ ಜಾಹೀರಾತು ಕೊಟ್ಟ ಬೇರಾವುದೋ ತಾಣ ಕಾಣಿಸಬಹುದು. ಆ ಪುಟದಲ್ಲಿ ಎರಡು ಮೂರು ಹಸಿರು ‘ಡೌನ್‌ಲೋಡ್’ ಗುಂಡಿಗಳಿರುತ್ತವೆ. ನಮಗೆ ಬೇಕಾದ ಕೊಂಡಿ ಅವುಗಳ ನಡುವೆ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ಇಳಿಸಿಕೊಂಡ ಕಡತ ತೆರೆದರೆ ‘ರೆಕಮೆಂಡೆಡ್’ ಎಂಬುದಕ್ಕೆ ಮೊದಲೇ ಗುರುತು ಬಿದ್ದಿರುತ್ತದೆ, ‘ಕಸ್ಟಮ್’ ಎಂಬುದು ಒತ್ತಲು ಬರುವುದೇ ಇಲ್ಲವೇನೋ ಎನಿಸುವಷ್ಟು ಮಂಕಾಗಿರುತ್ತದೆ. ಮುಂದಿನ ಪುಟ ಲೈಸೆನ್ಸ್ ಕರಾರಿನ ವೇಷದಲ್ಲಿ ಬರುತ್ತದೆ, ಕೆಳಗೆ ‘ಅಕ್ಸೆಪ್ಟ್’ ಮತ್ತು ‘ಡಿಕ್ಲೈನ್’. ಡಿಕ್ಲೈನ್ ಒತ್ತಿದರೆ ಪ್ಲೇಯರೇ ಸಿಗಲಿಕ್ಕಿಲ್ಲ ಎಂದು ಹೆದರಿ ಜನ ಅಕ್ಸೆಪ್ಟ್ ಒತ್ತುತ್ತಾರೆ. ಆದರೆ ಆ ಕರಾರು ಪ್ಲೇಯರಿಗೆ ಸಂಬಂಧಪಟ್ಟದ್ದೇ ಅಲ್ಲ, ಅದರ ಬೆನ್ನೇರಿ ಬಂದ ಟೂಲ್‌ಬಾರಿನದ್ದು. ಡಿಕ್ಲೈನ್ ಒತ್ತಿದ್ದರೂ ಪ್ಲೇಯರ್ ಬರುತ್ತಿತ್ತು.

ಇದು ಬೀದಿಬದಿಯ ಮೋಸಗಾರರ ವಿದ್ಯೆ ಮಾತ್ರ ಎಂದು ತಿಳಿಯುವಂತಿಲ್ಲ. ಒರಾಕಲ್‌ನಂಥ ಭಾರಿ ಕಂಪನಿ ಜಾವಾ ಅಪ್‌ಡೇಟಿನ ಜೊತೆ ಆಸ್ಕ್ ಟೂಲ್‌ಬಾರನ್ನು, ಮೊದಲೇ ಟಿಕ್ ಹಾಕಿಟ್ಟು, ವರ್ಷಗಟ್ಟಲೆ ಹಂಚಿತು. ತಂತ್ರಜ್ಞಾನ ಪತ್ರಕರ್ತ ಎಡ್ ಬಾಟ್ 2013ರಲ್ಲಿ ಇದರ ಒಳಗುಟ್ಟನ್ನು ಬಯಲಿಗೆಳೆದರು: ಜಾವಾ ಸ್ಥಾಪನೆಯಾದ ಮೇಲೆ ಟೂಲ್‌ಬಾರ್ 10 ನಿಮಿಷ ಸುಮ್ಮನಿದ್ದು ಆಮೇಲೆ ಒಳಸೇರುತ್ತಿತ್ತು. ತಪ್ಪಾಯಿತೆಂದು ತಕ್ಷಣ ಕಂಟ್ರೋಲ್ ಪ್ಯಾನೆಲ್ ತೆರೆದವರಿಗೆ ಪಟ್ಟಿಯಲ್ಲಿ ಏನೂ ಕಾಣುತ್ತಿರಲಿಲ್ಲ. 2015ರಲ್ಲಿ ಆ ಟೂಲ್‌ಬಾರಿನ ಹಳೆಯ ಆವೃತ್ತಿಗಳನ್ನು ಮೈಕ್ರೋಸಾಫ್ಟ್ ಬೇಡದ ತಂತ್ರಾಂಶಗಳ ಸಾಲಿಗೆ ಸೇರಿಸಿತು. ಸ್ವತಂತ್ರ ತಂತ್ರಾಂಶಗಳ ತವರು ಎಂದೇ ಹೆಸರಾಗಿದ್ದ ಸೋರ್ಸ್‌ಫೋರ್ಜ್ ಕೂಡ ಅದೇ ವರ್ಷ ಚಿತ್ರ ತಿದ್ದುವ ‘ಗಿಂಪ್’ ತಂತ್ರಾಂಶದ ವಿಂಡೋಸ್ ಆವೃತ್ತಿಗೆ ಜಾಹೀರಾತಿನ ಸರಕು ಸೇರಿಸಿ ಟೀಕೆಗೆ ಗುರಿಯಾಯಿತು. ಇಷ್ಟೆಲ್ಲ ಇರುವಾಗ ಅರಿಯದೆ ಒತ್ತಿದ ಬಳಕೆದಾರನನ್ನು ದಡ್ಡ ಎನ್ನುವುದು ಅನ್ಯಾಯ.

ಬಂದದ್ದನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಕಥೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ ಎಂಬುದಕ್ಕೆ ‘ಸೂಪರ್‌ಫಿಶ್’ ಪ್ರಕರಣಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 2014ರ ಉತ್ತರಾರ್ಧದಲ್ಲಿ ಲೆನೊವೊ ಕಂಪನಿ ಮಾರಿದ ಹಲವು ಮಾದರಿಯ ಲ್ಯಾಪ್‌ಟಾಪ್‌ಗಳಲ್ಲಿ ಈ ತಂತ್ರಾಂಶ ಮೊದಲೇ ಇತ್ತು. ನೋಡುವ ಪುಟಗಳ ನಡುವೆ ಖರೀದಿಯ ಜಾಹೀರಾತು ತೂರಿಸುವುದು ಅದರ ಕೆಲಸ. ಸುರಕ್ಷಿತ ಪುಟಗಳಲ್ಲೂ ಹಾಗೆ ಮಾಡಲು ಅದು ತನ್ನದೇ ಒಂದು ಡಿಜಿಟಲ್ ಪ್ರಮಾಣಪತ್ರವನ್ನು ವಿಂಡೋಸ್ ಪೂರ್ತಿಯಾಗಿ ನಂಬುವ ಪಟ್ಟಿಗೆ ಸೇರಿಸಿತ್ತು. ಎಂದರೆ ಬ್ಯಾಂಕಿನ ತಾಣ ತೆರೆದಾಗ ‘ಇದು ಬ್ಯಾಂಕೇ’ ಎಂದು ಬ್ರೌಸರಿಗೆ ಖಾತ್ರಿ ಕೊಡುತ್ತಿದ್ದದ್ದು ಜಾಹೀರಾತಿನ ತಂತ್ರಾಂಶ. ಆ ಪ್ರಮಾಣಪತ್ರದ ಗುಪ್ತ ಕೀಲಿ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಒಂದೇ ಆಗಿತ್ತು. 2015ರ ಫೆಬ್ರವರಿಯಲ್ಲಿ ಭದ್ರತಾ ತಜ್ಞ ರಾಬರ್ಟ್ ಗ್ರಹಾಂ ಅದರ ಪಾಸ್‌ವರ್ಡ್ ಭೇದಿಸಿದಾಗ ಅದು ‘ಕೊಮೊಡಿಯಾ’ ಎಂದು ಗೊತ್ತಾಯಿತು. ಆ ತಂತ್ರಾಂಶಕ್ಕೆ ಬಿಡಿಭಾಗ ಒದಗಿಸಿದ ಕಂಪನಿಯ ಹೆಸರದು. ಅದೇ ವೈಫೈಯಲ್ಲಿ ಕುಳಿತ ಯಾರಾದರೂ ಬ್ಯಾಂಕಿನ ಸೋಗು ಹಾಕಲು ಅಷ್ಟು ಸಾಕಿತ್ತು. ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದವರ ಲ್ಯಾಪ್‌ಟಾಪಿನಲ್ಲೂ ಪ್ರಮಾಣಪತ್ರ ಹಾಗೇ ಉಳಿದಿತ್ತು. ಬಾಡಿಗೆಯವನು ಮನೆ ಖಾಲಿ ಮಾಡಿದ, ಬೀಗದ ಕೈ ಮಾತ್ರ ಅವನ ಜೇಬಲ್ಲೇ ಉಳಿಯಿತು ಎಂಬಂಥ ಸ್ಥಿತಿ. ಕೊನೆಗೆ ಲೆನೊವೊ ಪ್ರತ್ಯೇಕ ಉಪಕರಣ ಬಿಡುಗಡೆ ಮಾಡಿತು, ಮೈಕ್ರೋಸಾಫ್ಟ್ ವಿಂಡೋಸಿನಲ್ಲೇ ಇರುವ ತನ್ನ ಭದ್ರತಾ ತಂತ್ರಾಂಶ ಡಿಫೆಂಡರ್ ಮೂಲಕವೂ ಅದನ್ನು ಅಳಿಸಿತು. 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು 32 ರಾಜ್ಯಗಳ ಜೊತೆ ಲೆನೊವೊ ರಾಜಿ ಮಾಡಿಕೊಂಡು, ರಾಜ್ಯಗಳಿಗೆ 35 ಲಕ್ಷ ಡಾಲರ್ ತೆತ್ತಿತು.

ಹಾಗಾದರೆ ಒಪ್ಪಿಗೆಗಳು ಎಲ್ಲೆಲ್ಲಿ ಕೂತಿರುತ್ತವೆ? ಮೊದಲನೆಯದು ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿ. ಅದನ್ನು ಹೆಸರಿನ ಬದಲು ಸ್ಥಾಪಿಸಿದ ದಿನಾಂಕದ ಪ್ರಕಾರ ಜೋಡಿಸಿ ನೋಡಬೇಕು. ಕಾಟ ಶುರುವಾದ ದಿನದ ಆಸುಪಾಸಿನಲ್ಲಿ ಒಂದೇ ದಿನ ಮೂರು ನಾಲ್ಕು ಅಪರಿಚಿತ ಹೆಸರುಗಳು ಸೇರಿದ್ದರೆ ಅವು ಒಟ್ಟಿಗೇ ಬಂದವು. ಆದರೆ ನನ್ನ ಅಭಿಪ್ರಾಯದಲ್ಲಿ ಈಗ ಹೆಚ್ಚಿನ ಕಾಟ ಇರುವುದು ಬ್ರೌಸರಿನೊಳಗೆ. ಎಕ್ಸ್‌ಟೆನ್ಶನ್‌ಗಳ ಪುಟ ತೆರೆದು, ಏನಕ್ಕೆಂದು ಗೊತ್ತಿಲ್ಲದವನ್ನು ತೆಗೆಯಬೇಕು. ಆಮೇಲೆ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ನೋಡಬೇಕು. ಯಾವುದೋ ಪುಟ ‘ನೀವು ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದಿರುತ್ತದೆ, ಒತ್ತಿರುತ್ತೇವೆ. ಬಲಮೂಲೆಯ ಆ ವೈರಸ್ ಎಚ್ಚರಿಕೆ ಬಹಳಷ್ಟು ಸಲ ಅಲ್ಲಿಂದಲೇ ಬರುವುದು. ಕಂಪ್ಯೂಟರಿನಲ್ಲಿ ವೈರಸ್ಸೂ ಇಲ್ಲ, ತಂತ್ರಾಂಶವೂ ಇಲ್ಲ. ಒಂದು ತಾಣಕ್ಕೆ ಕೊಟ್ಟ ಅನುಮತಿ ಮಾತ್ರ ಇದೆ. ಎಷ್ಟು ಸ್ಕ್ಯಾನ್ ಮಾಡಿದರೂ ಅದು ಹೋಗದಿರಬಹುದು, ಆ ಪಟ್ಟಿಯಿಂದ ತಾಣದ ಹೆಸರು ತೆಗೆದರೆ ಅರೆಕ್ಷಣದಲ್ಲಿ ನಿಲ್ಲುತ್ತದೆ. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪಟ್ಟಿಯನ್ನೂ ನೋಡುವುದೊಳ್ಳೆಯದು, ಅಲ್ಲಿ ಅನುಮಾನ ಬಂದದ್ದನ್ನು ಅಳಿಸದೆಯೇ ನಿಷ್ಕ್ರಿಯಗೊಳಿಸಬಹುದು. ಕನ್ನಡಿಗರು ಇಲ್ಲೊಂದು ಎಚ್ಚರಿಕೆ ವಹಿಸಬೇಕು: ಹಿಂದೆಂದೋ ಹಾಕಿದ ‘ನುಡಿ’ ಅಥವಾ ‘ಬರಹ’ ಪಟ್ಟಿಯಲ್ಲಿ ಅನಾಥವಾಗಿ ಕಂಡೀತು. ಯೂನಿಕೋಡ್ ಟೈಪಿಂಗಿಗೆ ವಿಂಡೋಸಿನಲ್ಲೇ ಕನ್ನಡ ಕೀಲಿಮಣೆ ಇರುವುದು ನಿಜ. ಆದರೆ ಯೂನಿಕೋಡ್ ಬರುವ ಮುಂಚಿನ ಬಗೆಯಲ್ಲಿ ಬರೆದಿಟ್ಟ ಹಳೆಯ ಕಡತಗಳು ಆಯಾ ಫಾಂಟುಗಳನ್ನೇ ನಂಬಿವೆ; ಫಾಂಟು ಹೋದರೆ ಅಪ್ಪ ಬರೆದಿಟ್ಟ ಲೇಖನ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ಕ್ಲೀನರುಗಳ ಮೇಲೆ ಇಷ್ಟು ಅಪನಂಬಿಕೆ ಯಾಕೆಂದರೆ, ಅವುಗಳ ಚರಿತ್ರೆ ಹಾಗಿದೆ. ಅಮೆರಿಕದ ಆಫೀಸ್ ಡಿಪೊ ಮಳಿಗೆಗಳಲ್ಲಿ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ತಪಾಸಣೆ ನಡೆಯುತ್ತಿತ್ತು. ಕಂಪ್ಯೂಟರ್ ನಿಧಾನವಾಗಿದೆಯೇ, ಪಾಪ್‌ಅಪ್ ಬರುತ್ತಿವೆಯೇ ಎಂದು ಶುರುವಿನಲ್ಲೇ ಕೇಳುತ್ತಿದ್ದರು. ಒಂದಕ್ಕೆ ಹೌದು ಎಂದರೂ ಸಾಕು, ತಪಾಸಣೆಯಲ್ಲಿ ಏನೇ ಸಿಗಲಿ ಬಿಡಲಿ, ಮಾಲ್‌ವೇರ್ ಲಕ್ಷಣಗಳಿವೆ ಎಂಬ ಫಲಿತಾಂಶ ಬರುತ್ತಿತ್ತು ಎಂದು ಟ್ರೇಡ್ ಕಮಿಷನ್ ಆರೋಪಿಸಿತು. 2019ರಲ್ಲಿ ಆಫೀಸ್ ಡಿಪೊ 2.5 ಕೋಟಿ ಡಾಲರ್, ತಂತ್ರಾಂಶ ಒದಗಿಸಿದ ಸಪೋರ್ಟ್ ಡಾಟ್ ಕಾಮ್ 1 ಕೋಟಿ ಡಾಲರ್ ಕಟ್ಟಲು ಒಪ್ಪಿದವು. ಪ್ರಾಮಾಣಿಕ ಕ್ಲೀನರ್ ಕೂಡ ಅಪಾಯಕ್ಕೆ ಹೊರತಲ್ಲ. ಕೋಟ್ಯಂತರ ಜನ ನಂಬಿದ್ದ ಸಿಕ್ಲೀನರ್‌ನ 5.33ನೇ ಆವೃತ್ತಿಗೆ 2017ರಲ್ಲಿ ಹ್ಯಾಕರ್‌ಗಳು ಅದನ್ನು ತಯಾರಿಸುವಲ್ಲೇ ನುಗ್ಗಿ ಹಿಂಬಾಗಿಲು ಜೋಡಿಸಿದ್ದರು. ಕಂಪನಿಯ ಅಧಿಕೃತ ತಾಣದಿಂದಲೇ ಅದು ಸುಮಾರು 22.7 ಲಕ್ಷ ಕಂಪ್ಯೂಟರುಗಳಿಗೆ ಹೋಯಿತು. ‘ರಿಜಿಸ್ಟ್ರಿಯಲ್ಲಿ 800 ದೋಷ’ ಎಂದು ಕೆಂಪಕ್ಷರದಲ್ಲಿ ಹೆದರಿಸುವ ಉಪಕರಣಗಳಂತೂ ಬೇಡವೇ ಬೇಡ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಕ್ಲೀನರ್ ಬಳಕೆಯನ್ನು ತಾವು ಬೆಂಬಲಿಸುವುದಿಲ್ಲವೆಂದು ವಿಂಡೋಸ್ ತಯಾರಕರೇ ಹೇಳಿದ್ದಾರೆ.

ಇದೆಲ್ಲ ಬಲ್ಲವರಿಗೆ ಸರಿ, ಜನಸಾಮಾನ್ಯರಿಂದ ಆಗುವ ಮಾತೇ ಎಂಬ ಆಕ್ಷೇಪ ಬರುತ್ತದೆ. ಮೇಲೆ ಹೇಳಿದ ಜಾಗಗಳೆಲ್ಲ ಮೊಬೈಲಿನಲ್ಲಿ ಆ್ಯಪ್ ಅನುಮತಿ ನೋಡುವಷ್ಟೇ ಸುಲಭ. ಮೆನುಗಳು ಇಂಗ್ಲಿಷಿನಲ್ಲಿದ್ದರೆ ಮನೆಯ ಮಕ್ಕಳ ನೆರವು ಪಡೆಯಬಹುದು. ಇನ್ನೂ ತೂಕದ ಆಕ್ಷೇಪವೆಂದರೆ, ನಿಜವಾದ ಮಾಲ್‌ವೇರ್ ಯಾವ ಪಟ್ಟಿಯಲ್ಲೂ ಹೆಸರು ತೋರಿಸದೆ ಅವಿತಿರುತ್ತದೆ, ಅದಕ್ಕೆ ಸ್ಕ್ಯಾನರ್ ಬೇಡವೇ ಎಂಬುದು. ಬೇಕು, ಒಪ್ಪುತ್ತೇನೆ. ಆದರೆ ಅದು ವಿಂಡೋಸ್ 10 ಮತ್ತು 11ರಲ್ಲಿ ಈಗಾಗಲೇ ಇದೆ. ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಕಂಪ್ಯೂಟರನ್ನು ಮರುಪ್ರಾರಂಭಿಸಿ, ವಿಂಡೋಸ್ ಪೂರ್ತಿ ಏಳುವ ಮುಂಚೆಯೇ ಹುಡುಕುತ್ತದೆ. ಆಗ ಅವಿತುಕೊಳ್ಳುವ ಮಾಲ್‌ವೇರ್‌ಗೆ ತನ್ನ ಆಟ ತೋರಿಸಲು ಎಡೆ ಕಡಿಮೆ. ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆಯೂ ವಿಂಡೋಸ್ ಸೆಕ್ಯುರಿಟಿಯ ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ ವಿಭಾಗದಲ್ಲಿದೆ, ಅದು ಚಾಲೂ ಇದೆಯೇ ಎಂದು ನೋಡಿಕೊಂಡರಾಯಿತು. ಇನ್ನೂ ಒಂದು ಉಪಕರಣ ಬೇಕೆನಿಸಿದರೆ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಉಚಿತ ಉಪಕರಣಗಳನ್ನು ಕೊಡುತ್ತದೆ. ಜಾಹೀರಾತಿನಲ್ಲಿ ಕಂಡದ್ದಕ್ಕಿಂತ ಅದು ಮೇಲು.

ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸಿದರೆ ತಲೆನೋವೇ ಇಲ್ಲ ಎನ್ನುವವರೂ ಇದ್ದಾರೆ. ಏನು ಮಾಡಿದರೂ ಜಗ್ಗದ ಸೋಂಕಿಗೆ ಅದೇ ಸರಿ. ಆದರೆ ಒಂದು ನೋಟಿಫಿಕೇಶನ್ ಅನುಮತಿಗೋಸ್ಕರ ಫೋಟೊ, ಕಡತಗಳನ್ನೆಲ್ಲ ಅಪಾಯಕ್ಕೊಡ್ಡುವುದು ಅತಿಯಾಯಿತು. ಅಲ್ಲದೆ ಬ್ರೌಸರಿಗೆ ಮತ್ತೆ ಲಾಗಿನ್ ಆದ ಕೂಡಲೇ ಸಿಂಕ್ ಮೂಲಕ ಅದೇ ಹಳೆಯ ಎಕ್ಸ್‌ಟೆನ್ಶನ್ ವಾಪಸ್ ಬಂದು ಕೂರಬಹುದು. ಫಾರ್ಮ್ಯಾಟ್ ಮಾಡಿದವರು ನಕಲಿ ವಿಂಡೋಸ್ ಹಾಕಿಕೊಟ್ಟರೆ, ಅದನ್ನು ಚಾಲೂ ಮಾಡಲು ಬಳಸುವ ಕ್ರ್ಯಾಕ್ ಉಪಕರಣವೇ ಮಾಲ್‌ವೇರ್ ಹೊತ್ತು ತರುವ ಸಂಭವವಿದೆ.

ಪರಿಸ್ಥಿತಿ ಕೈ ಮೀರುವ ಮುನ್ನ ಗಮನಿಸಬೇಕಾದ ಸಂದರ್ಭ ಒಂದಿದೆ: ಪರದೆಯ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇದ್ದರೆ ಅದು ಮೋಸ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಆ ನಂಬರಿಗೆ ಕರೆ ಮಾಡಿ, ಅವರ ಮಾತು ಕೇಳಿ ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಕೊಂಡಿದ್ದರೆ ಅನ್‌ಇನ್‌ಸ್ಟಾಲ್ ಆಮೇಲಿನ ಮಾತು. ಮೊದಲು ಇಂಟರ್ನೆಟ್ ಕಡಿಯಿರಿ, ಬೇರೊಂದು ಸಾಧನದಿಂದ ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.