ಅಪಘಾತ ಕಳೆದ ಮೇಲೂ ಉಳಿಯುವ ಗಾಯ

2022ರಲ್ಲಿ ದೇಶದ ರಸ್ತೆಗಳಲ್ಲಿ 1.68 ಲಕ್ಷ ಜನ ಸತ್ತರು, 4.43 ಲಕ್ಷ ಜನ ಗಾಯಗೊಂಡರು. ಗಾಯಾಳುಗಳ ಲೆಕ್ಕವನ್ನು ಮೂಳೆ ಕೂಡಿ, ಹೊಲಿಗೆ ಬಿಚ್ಚಿದಲ್ಲಿಗೆ ಮುಗಿಸಿಬಿಡುತ್ತೇವೆ. ಆದರೆ ಅವರಲ್ಲಿ ಕೆಲವರಿಗೆ ಹಿಂದಿನಿಂದ ಲಾರಿಯ ಬ್ರೇಕ್ ಕಿರ್ರೆಂದರೆ ಸಾಕು, ಎದೆ ಹೊಡೆದುಕೊಂಡು ಅಂಗೈ ಬೆವರುತ್ತದೆ. ಬಿದ್ದ ತಿರುವನ್ನು ತಪ್ಪಿಸಲು ಸುತ್ತು ದಾರಿ ಹಿಡಿಯುತ್ತಾರೆ, ನಡುರಾತ್ರಿ ಅದೇ ಡಿಕ್ಕಿಯ ಕನಸಾಗಿ ಎದ್ದು ಕೂರುತ್ತಾರೆ, ಸಣ್ಣದಕ್ಕೂ ಮನೆಯವರ ಮೇಲೆ ರೇಗುತ್ತಾರೆ, ತಪ್ಪೆಲ್ಲ ತಮ್ಮದೇ ಎಂದು ಕೊರಗುತ್ತಾರೆ. ಇದು ಒಂದು ತಿಂಗಳು ದಾಟಿಯೂ ಉಳಿದು ಕೆಲಸ, ಸಂಸಾರ ಕೆಡಿಸುತ್ತಿದ್ದರೆ ವೈದ್ಯರು ಅದನ್ನು ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತಾರೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸ್ಥಿತಿಯ ಚರ್ಚೆಯ ನಂತರ, 1980ರಲ್ಲಿ ಈ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿತು. ಹಾಗೆಂದು ಇದು ಯೋಧರಿಗಷ್ಟೇ ಬರುವ ಕಾಯಿಲೆಯಲ್ಲ.

ಇಂಥವರಿಗೆ ಒಂದೋ 'ಆದದ್ದಾಯ್ತು, ಮರೆತುಬಿಡು' ಎನ್ನುತ್ತೇವೆ, ಇಲ್ಲವೇ ಆಸ್ಪತ್ರೆಯ ಮಂಚದ ಬಳಿಯೇ 'ಏನಾಯ್ತು, ಎಲ್ಲ ಹೇಳು' ಎಂದು ಕೆದಕುತ್ತೇವೆ. ಎರಡನೆಯದು ಒಳ್ಳೆಯದೆಂದು ತಜ್ಞರೂ ಒಂದು ಕಾಲಕ್ಕೆ ನಂಬಿದ್ದರು. ದುರಂತವಾದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ, ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿ ಹಲವು ದೇಶಗಳಲ್ಲಿತ್ತು. ಇಂಗ್ಲೆಂಡಿನಲ್ಲಿ ರಸ್ತೆ ಅಪಘಾತದ ಗಾಯಾಳುಗಳ ಮೇಲೆ ಇದನ್ನು ಪರೀಕ್ಷಿಸಿ, 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಆರಂಭದಲ್ಲೇ ತುಂಬ ಕಂಗೆಟ್ಟಿದ್ದವರ ಪೈಕಿ ಹೀಗೆ ಮಾತಾಡಿಸಿದವರು ಮೂರು ವರ್ಷ ಕಳೆದರೂ ನರಳುತ್ತಿದ್ದರು. ಸುಮ್ಮನೆ ಬಿಟ್ಟವರು ಚೇತರಿಸಿಕೊಂಡಿದ್ದರು. ಮೊದಲ ದಿನಗಳಲ್ಲಿ ಬೇಕಿರುವುದು ಸುರಕ್ಷಿತ ಜಾಗ, ಊಟ, ನಿದ್ದೆ, ಹತ್ತಿರದವರ ಸಂಗ. ಅವರಾಗಿಯೇ ಹೇಳಿದರೆ ಕೇಳಬೇಕು, ಒತ್ತಾಯ ಕೂಡದು.

ಹಾಗಾದರೆ ಚಿಕಿತ್ಸೆಯಲ್ಲಿ ಅದೇ ಘಟನೆಯನ್ನು ಮತ್ತೆ ಮತ್ತೆ ಹೇಳಿಸುವುದೇಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದೇ ಸಲ ಹೇಳಿಸಿ ಕಳಿಸಿದರೆ ಭಯ ಕೆರಳುತ್ತದೆ, ತಣಿಯುವಷ್ಟು ಹೊತ್ತು ಸಿಗುವುದಿಲ್ಲ. ಚಿಕಿತ್ಸಕರು ವಾರವಾರ, ರೋಗಿಯ ಒಪ್ಪಿಗೆಯಿಂದ, ನೆನಪಿನ ಎದುರು ಕೂರಲು ಕಲಿಸುತ್ತಾರೆ. ಬಿಟ್ಟುಬಿಟ್ಟ ರಸ್ತೆಗೂ ಹಂತಹಂತವಾಗಿ ಕರೆತರುತ್ತಾರೆ. ಏನೂ ಆಗಲಿಲ್ಲ ಎಂಬ ಹೊಸ ಅನುಭವ ಪ್ರತಿ ಸಲವೂ ಸೇರುತ್ತಾ ಹೋದಂತೆ ಬ್ರೇಕಿನ ಸದ್ದಿಗೂ ಸಾವಿಗೂ ಬಿದ್ದ ಗಂಟು ಸಡಿಲಾಗುತ್ತದೆ. ತಪ್ಪಿಸಿಕೊಂಡು ತಿರುಗುವವರಿಗೆ ಈ ಅನುಭವ ಆಗುವುದೇ ಇಲ್ಲ. 'ಮರೆತುಬಿಡು' ಎಂಬ ಬುದ್ಧಿವಾದ ಸೋಲುವುದು ಅಲ್ಲಿಯೇ.

ಕಾಲವೇ ವಾಸಿ ಮಾಡುತ್ತದೆ ಎಂಬ ಮಾತು ಬಹಳ ಜನರ ಮಟ್ಟಿಗೆ ನಿಜ. ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿ ಸುಧಾರಿಸುತ್ತಾರೆ, ಅವರನ್ನು ರೋಗಿಗಳೆಂದು ಕರೆಯಬೇಕಿಲ್ಲ. ಆದರೆ ಉಳಿದವರಿಗೂ ಅದನ್ನೇ ಹೇಳಿ ವರ್ಷಗಟ್ಟಲೆ ಕಾಯಿಸುವುದು ಅನ್ಯಾಯ. ಸರ್ಟ್ರಾಲಿನ್‌ನಂಥ ಔಷಧಗಳೂ ನೆರವಾಗುತ್ತವೆ. ನಿದ್ದೆಗೆಂದು ಆಲ್‌ಪ್ರಝೋಲಾಮ್ ತರಹದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದರಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ, ಅವು ಚಟವಾಗುತ್ತವೆ. ಮದ್ಯವೂ ಅಷ್ಟೇ. ಮನೆಯಲ್ಲಿ ಯಾರಾದರೂ ಅಪಘಾತವಾಗಿ ತಿಂಗಳು ಕಳೆದರೂ ರಸ್ತೆಗಿಳಿಯಲು ನಡುಗುತ್ತಿದ್ದರೆ, ಜೀವ ಬೇಡವೆನ್ನುತ್ತಿದ್ದರೆ ತಿಂಗಳೂ ಕಾಯದೆ, ಮನೋವೈದ್ಯರ ಬಳಿ ಕರೆದೊಯ್ಯಿರಿ. ದಾರಿ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.