ಮೈಲುತುತ್ತು, ಮಳೆಮಾಪಕ ಮತ್ತು ನಮ್ಮ ಹುಡುಗಿಯರು

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಸೀಮೆಯಲ್ಲಿ ಮಳೆಗಾಲ ಕಳೆದವರಿಗೆ ಒಂದು ಪ್ರಶ್ನೆ ಚಿರಪರಿಚಿತವಾದುದು: “ಇವತ್ತು ಹೊಳವಾದೀತೇ?” ಹಿಡಿದ ಮಳೆ ಬಿಡುವು ಕೊಟ್ಟು ಆಕಾಶ ತುಸು ತೆರೆದುಕೊಳ್ಳುವುದಕ್ಕೆ ಇಲ್ಲಿನವರು ಹೊಳವು ಎನ್ನುತ್ತಾರೆ. ಆ ಕೆಲವು ತಾಸುಗಳಲ್ಲಿಯೇ ಅಡಿಕೆಗೊನೆಗಳಿಗೆ ಮದ್ದು ಹೊಡೆದು ಮುಗಿಸಬೇಕು. ತಪ್ಪಿದರೆ ಕೊಳೆರೋಗ, ಕೊಳೆ ಬಂದರೆ ವರ್ಷದ ಬೆಳೆ ಮರದ ಬುಡದಲ್ಲಿ. ಇಂಥ ದಿನ ಮನೆಯ ಹುಡುಗಿಗೂ ಪುರುಸೊತ್ತಿಲ್ಲ. ನೀರು ಹೊರುವವಳು ಅವಳು, ಸುಣ್ಣ ಕದಡುವವಳು ಅವಳು. ಆದರೆ ಮರುದಿನ ಶಾಲೆಯಲ್ಲಿ ಆಮ್ಲ–ಪ್ರತ್ಯಾಮ್ಲಗಳ ಪಾಠ ಬಂದಾಗ, ನಿನ್ನೆ ಹಿತ್ತಿಲಲ್ಲಿ ತಾನು ಮಾಡಿದುದೂ ಅದೇ ಎಂದು ಅವಳಿಗೆ ಹೇಳುವವರಿಲ್ಲ. ನನ್ನ ಕಳವಳ ಇಷ್ಟೇ.

ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಏಳನೆಯ ತರಗತಿಯಲ್ಲಿ ವಿದ್ಯುನ್ಮಂಡಲದ ಪಾಠ ನಡೆದಿತ್ತು. ಮೇಜಿನ ಮೇಲೆ ಒಂದು ಬ್ಯಾಟರಿ, ಒಂದು ಬಲ್ಬು, ಎರಡು ತಂತಿ. ತಂತಿ ಜೋಡಿಸಲು ಇಬ್ಬರು ಹುಡುಗರನ್ನು ಕರೆದರು; ಚಿತ್ರ ಬರೆಯಲು ಹುಡುಗಿಯರಿಗೆ ಹೇಳಿದರು. ಯಾರಲ್ಲಿಯೂ ದುರುದ್ದೇಶವಿರಲಿಲ್ಲ; ಅದು ರೂಢಿ. ಒಬ್ಬ ಬಾಲಿಕೆಯ ಪುಸ್ತಕವನ್ನು ತೆಗೆದು ನೋಡಿದೆ. ಅಚ್ಚು ಹೊಡೆದಂಥ ಚಿತ್ರ, ಒಂದು ಗೆರೆಯೂ ತಪ್ಪಿಲ್ಲ. “ನೀನೂ ಹಚ್ಚಿ ನೋಡುತ್ತೀಯಾ?” ಎಂದೆ. ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಂಡು, “ನನಗೆ ಚಿತ್ರ ಚೆಂದ ಬರುತ್ತದೆ” ಎಂದಳು. ಪರೀಕ್ಷೆಯಲ್ಲಿ ಆ ಹುಡುಗಿ ಹೆಚ್ಚು ಅಂಕ ಪಡೆದಿರಬೇಕು. ಆದರೆ ಹಿಂದಕ್ಕೆ ಎಳೆದುಕೊಂಡ ಆ ಕೈ ಇನ್ನೂ ನನ್ನ ಕಣ್ಣ ಮುಂದಿದೆ. ಹನ್ನೆರಡು ವರ್ಷದ ಹುಡುಗಿ ‘ಇದು ನನ್ನ ಕೆಲಸವಲ್ಲ’ ಎಂದು ತೀರ್ಮಾನಿಸುವುದು ಯಾವ ದೊಡ್ಡ ಸಭೆಯಲ್ಲಿಯೂ ಅಲ್ಲ; ಇಂಥ ಸಣ್ಣ ಗಳಿಗೆಯಲ್ಲಿ.

ಕನ್ನಡದಲ್ಲಿ ಕಮ್ಮಟ ಎಂಬ ಒಳ್ಳೆಯ ಮಾತಿದೆ. ಹಿಂದೆ ಅದು ನಾಣ್ಯ ಅಚ್ಚುಹಾಕುವ ಟಂಕಸಾಲೆಯ ಹೆಸರು. ಈಗ ಕಥಾ ಕಮ್ಮಟ, ಕಾವ್ಯ ಕಮ್ಮಟಗಳು ನಡೆಯುತ್ತವೆ. ಅದೇ ರೀತಿ ನಮ್ಮ ಆರು, ಏಳು, ಎಂಟನೆಯ ತರಗತಿಯ ಹುಡುಗಿಯರಿಗೆ ವಿಜ್ಞಾನದ ಕಮ್ಮಟಗಳು ಊರೂರಿನಲ್ಲಿ ನಡೆಯಬೇಕು. ಅಲ್ಲಿ ಭಾಷಣ ಕಡಮೆಯಿರಲಿ, ಇಕ್ಕಳ–ಸುತ್ತಿಗೆಗಳ ಸದ್ದು ಹೆಚ್ಚಿರಲಿ.

ನಾನೂ ಕೈಹಾಕಿದ ಅಂಥ ಒಂದು ದಿನದ ಕಥೆ ಹೇಳುತ್ತೇನೆ. ಮಳೆಮಾಪಕ ಮಾಡುವುದೆಂದು ಗೊತ್ತಾಯಿತು. ನೆಟ್ಟನೆಯ ಪ್ಲಾಸ್ಟಿಕ್ ಸೀಸೆಯ ತಲೆಯನ್ನು ಕತ್ತರಿಸಿ, ಅದನ್ನೇ ಬೋರಲು ಮಾಡಿ ಆಲಿಕೆಯಂತೆ ಕೂಡಿಸುವುದು. ತಳದಲ್ಲಿ ಕಲ್ಲು ಹಾಕಿ, ಸೀಸೆ ನೆಟ್ಟಗಾಗುವವರೆಗೆ ನೀರು ತುಂಬಿ, ಅಲ್ಲಿಂದ ಮೇಲಕ್ಕೆ ಮಿಲಿಮೀಟರಿನ ಗೆರೆ ಎಳೆಯುವುದು. ಕೆಲಸ ಸುಲಭ. ಆದರೆ ಒಬ್ಬ ಹುಡುಗಿ ಬಿಸ್ಕತ್ತಿನ ದೊಡ್ಡ ಡಬ್ಬಿಯನ್ನೇ ತಂದು, “ಇದರಲ್ಲಿ ಹೆಚ್ಚು ಮಳೆ ಬೀಳುತ್ತದೆ” ಎಂದು ಪಟ್ಟು ಹಿಡಿದಳು. ನಾವು ಯಾರೂ ‘ಅಲ್ಲ’ ಎನ್ನಲಿಲ್ಲ. ಎರಡನ್ನೂ ಅಂಗಳದಲ್ಲಿಟ್ಟು ಒಂದು ತಾಸು ಕಾದೆವು. ಅಳೆದಾಗ ಎರಡರಲ್ಲಿಯೂ ನೀರಿನ ಎತ್ತರ ಹೆಚ್ಚುಕಡಮೆ ಒಂದೇ! ಅಗಲವಾದ ಡಬ್ಬಿಗೆ ಹೆಚ್ಚು ನೀರು ಬಂದಿತ್ತು, ನಿಜ. ಆ ನೀರು ಹರಡಿಕೊಳ್ಳಬೇಕಾದ ಜಾಗವೂ ಅಷ್ಟೇ ಹೆಚ್ಚಾಗಿತ್ತು. ಅದನ್ನು ಕಂಡುಹಿಡಿದವಳು ಡಬ್ಬಿ ತಂದವಳೇ. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ 1 ಲೀಟರು ನೀರು. 100 ಮಿಲಿಮೀಟರ್ ಬಿದ್ದ ದಿನ ಒಂದು ಎಕರೆ ತೋಟಕ್ಕೆ 4 ಲಕ್ಷ ಲೀಟರಿಗೂ ಹೆಚ್ಚು. ಈ ಲೆಕ್ಕ ಅವರ ಕೈಯಿಂದಲೇ ಬಂದಾಗ ಆ ಮಕ್ಕಳ ಮುಖದಲ್ಲಿ ಮೂಡಿದ ಬೆರಗನ್ನು ಯಾವ ಪಠ್ಯಪುಸ್ತಕವೂ ಮೂಡಿಸಲಾರದು. ಶಿರಸಿ ತಾಲ್ಲೂಕೊಂದರಲ್ಲಿಯೇ ಬನವಾಸಿಯ ಕಡೆಯ ಮಳೆ ಬೇರೆ, ಪಶ್ಚಿಮದ ಘಟ್ಟದಂಚಿನ ಮಳೆ ಬೇರೆ. ಎರಡೂ ಕಡೆಯ ಹುಡುಗಿಯರು ಒಂದೇ ದಿನ ಅಳೆದು ಅಂಕಿಗಳನ್ನು ವಿನಿಮಯ ಮಾಡಿಕೊಂಡರೆ ಅದೇ ಭೂಗೋಳ, ಅದೇ ಗಣಿತ.

ಇನ್ನು ಮದ್ದಿನ ವಿಷಯ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದುದು ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ. ದಾರಿಬದಿಯ ಹಣ್ಣು ಕದಿಯುವವರನ್ನು ಹೆದರಿಸಲು ಬಳ್ಳಿಗೆ ಎರಚಿದ ಮೈಲುತುತ್ತು–ಸುಣ್ಣಗಳ ನೀಲಿ ಮಿಶ್ರಣವು ರೋಗವನ್ನೂ ತಡೆದುದನ್ನು ಕಂಡ ವಿಜ್ಞಾನಿ ಮಿಲಾರ್ದೆ, 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದನು. ಆಗಿನ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಬರೆದನು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು — ಈ ಪ್ರಮಾಣ ಇಲ್ಲಿನ ಮನೆಮನೆಗೂ ಗೊತ್ತು. ಹದ ನೋಡಲು ಕತ್ತಿಯನ್ನು ಅದ್ದುತ್ತಾರೆ; ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಏಕೆ? ಉಳಿದ ತಾಮ್ರವು ಕಬ್ಬಿಣದ ಜಾಗವನ್ನು ಹಿಡಿದು ಅಲಗಿಗೆ ಅಂಟಿಕೊಳ್ಳುತ್ತದೆ. ಸುಣ್ಣ ಹೆಚ್ಚಾದುದನ್ನು ಅರಿಸಿನ ಸವರಿದ ಕಾಗದ ಕೆಂಪಾಗಿ ಹೇಳುತ್ತದೆ. ಆರತಿಯ ತಟ್ಟೆಯಲ್ಲಿ ಅರಿಸಿನಕ್ಕೆ ಸುಣ್ಣ ಕಲಸಿ ಕೆಂಪುನೀರು ಮಾಡುವ ಹುಡುಗಿಗೆ ಈ ರಹಸ್ಯ ಆಗಲೇ ತಿಳಿದಿದೆ. ಅದರ ಹೆಸರಷ್ಟೇ ತಿಳಿದಿಲ್ಲ. 10 ಗ್ರಾಮ್ ಮೈಲುತುತ್ತು, 10 ಗ್ರಾಮ್ ಸುಣ್ಣ, 1 ಲೀಟರು ನೀರು, ಕೈಗೆ ಚೀಲ, ಪಕ್ಕದಲ್ಲಿ ಒಬ್ಬ ಉಪಾಧ್ಯಾಯರು: ಇಷ್ಟಿದ್ದರೆ ಯಾವ ಶಾಲೆಯ ಜಗಲಿಯೂ ಪ್ರಯೋಗಶಾಲೆಯೇ.

“ಹುಡುಗಿಯರಿಗೆ ಯಂತ್ರವೇಕೆ?” ಎನ್ನುವವರಿಗೆ ತೋಟವೇ ಉತ್ತರ ಹೇಳುತ್ತದೆ. ನಿನ್ನೆಯವರೆಗೆ ಜೀವ ಪಣವಿಟ್ಟು ಮರವೇರುವ ಕೊನೆಗೌಡನಿಲ್ಲದೆ ಮದ್ದು ಹೊಡೆಯುವಂತಿರಲಿಲ್ಲ. ಈಚೆಗೆ ಹಗುರವಾದ ಫೈಬರ್ ದೋಟಿ ಬಂದಮೇಲೆ ನೆಲದಲ್ಲಿ ನಿಂತೇ ಹೊಡೆಯಬಹುದಾಗಿದೆ. ಗಂಡಸಿನದೆಂದು ತಿಳಿದಿದ್ದ ಕೆಲಸದ ಗಡಿಯನ್ನು ಒಂದು ಉಪಕರಣ ಬದಲಿಸಿತು. ಮುಂದಿನ ದೋಟಿಯನ್ನು ರೂಪಿಸುವವಳು ತೋಟದೊಡೆಯನ ಮಗಳೂ ಆಗಬಹುದು, ಕೊನೆಗೌಡನ ಮಗಳೂ ಆಗಬಹುದು. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂಡಿಸುವುದು ಕಮ್ಮಟದ ಧರ್ಮ.

ಬಾಗಿಲು ಮುಚ್ಚುವ ರೂಢಿ ಹಳೆಯದು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಸೇರಲು ಬಂದ ಕಮಲಾ ಸೊಹೋನಿಯವರಿಗೆ ಹೆಣ್ಣೆಂಬ ಕಾರಣಕ್ಕೆ ಮೊದಲು ಪ್ರವೇಶ ಸಿಗಲಿಲ್ಲ; ಹಟ ಹಿಡಿದು ಪಡೆದರು. ಅದೇ ಸಂಸ್ಥೆಯಲ್ಲಿ ವಜ್ರ ಮಾಣಿಕ್ಯಗಳ ಬೆಳಕನ್ನು ಅಭ್ಯಸಿಸಿದ ಅಣ್ಣಾ ಮಣಿಯವರಿಗೆ ಎಂ.ಎಸ್‌ಸಿ. ಇಲ್ಲವೆಂಬ ನೆಪದಿಂದ ಡಾಕ್ಟರೇಟ್ ದೊರೆಯಲಿಲ್ಲ. ಅವರು 1948ರಲ್ಲಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿ, ಸುಮಾರು 100 ಹವಾಮಾನ ಉಪಕರಣಗಳ ನಕ್ಷೆಗಳನ್ನು ಪ್ರಮಾಣಬದ್ಧಗೊಳಿಸಿ, ಅವು ದೇಶದಲ್ಲಿಯೇ ತಯಾರಾಗುವಂತೆ ಮಾಡಿದರು. ಅಂಗಳದಲ್ಲಿ ಸೀಸೆಯಿಟ್ಟು ಮಳೆ ಅಳೆಯುವ ನಮ್ಮ ಹುಡುಗಿಗೆ ಈ ಹಿರಿಯಕ್ಕನ ಹೆಸರು ತಿಳಿದಿರಬೇಡವೇ?

ಸರಕಾರವೂ ಸುಮ್ಮನಿಲ್ಲ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳು ಆರನೆಯ ತರಗತಿಯಿಂದಲೇ ಮಕ್ಕಳಿಗೆ ಉಪಕರಣಗಳನ್ನು ಒದಗಿಸುತ್ತವೆ. ಹುಡುಗಿಯರಿಗಾಗಿಯೇ 2019ರಲ್ಲಿ ಬಂದ ವಿಜ್ಞಾನ ಜ್ಯೋತಿ ಯೋಜನೆ ಒಂಬತ್ತನೆಯ ತರಗತಿಯಿಂದ ಕೈಹಿಡಿಯುತ್ತದೆ. ಸ್ವಾಗತಾರ್ಹವೇ. ಆದರೆ ಕೈ ಹಿಂದಕ್ಕೆ ಹೋಗುವುದು ಏಳನೆಯ ತರಗತಿಯಲ್ಲಿ. ಒಂಬತ್ತಕ್ಕೆ ಬರುವಷ್ಟರಲ್ಲಿ ರೂಢಿ ಗಟ್ಟಿಯಾಗಿರುತ್ತದೆ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಬರುವ ಸಣ್ಣ ಶಾಲೆಯ ಮಗುವಿಗೆ ದೊಡ್ಡ ಯೋಜನೆ ದೂರವೂ ಹೌದು.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹ ಒಂದೇ. ಮುಂದಿನ ಸಲ ಬ್ಯಾಟರಿ ಬಲ್ಬುಗಳನ್ನು ಮೇಜಿನ ಮೇಲಿಟ್ಟಾಗ, ಚಿತ್ರ ಚೆಂದವಾಗಿ ಬರೆಯುವವಳನ್ನೇ ಮೊದಲು ಕರೆಯಿರಿ. ತಂತಿ ತಪ್ಪಾಗಿ ಹಚ್ಚಲಿ, ಬಲ್ಬು ಹತ್ತದಿರಲಿ. ಅವಳು ಬಿಚ್ಚಿ ಮತ್ತೆ ಹಚ್ಚುವವರೆಗೆ ತಾಳ್ಮೆಯಿಂದ ಕಾಯಿರಿ. ಹೊಳವಿಗಾಗಿ ದಿನಗಟ್ಟಲೆ ಕಾದು ಗೊತ್ತಿರುವ ಸೀಮೆ ಇದು. ಒಬ್ಬ ಹುಡುಗಿಗಾಗಿ ಐದು ನಿಮಿಷ ಕಾಯುವುದು ನಮಗೆ ಕಷ್ಟವಾಗಬಾರದು.